ಗುಳ್ಳೆ ನಿಂತಾಗ ನೋಡುವವರು ಬೇಕಲ್ಲ

ಸಂಪಾದಕರಿಗೆ ನಮಸ್ಕಾರ.

ಸರ್ಕಾರಿ ಆಸ್ಪತ್ರೆಗೆ ಹೊಸ ಯಂತ್ರ ಬಂತು ಅನ್ನುವ ಸುದ್ದಿ ಪತ್ರಿಕೆಯಲ್ಲಿ ಆಗಾಗ ಫೋಟೊ ಸಮೇತ ಬರುತ್ತದೆ. ಹಸುಗೂಸುಗಳ ಘಟಕಕ್ಕೆ ಬಂದ ಯಂತ್ರ ಆಗಿದ್ದರಂತೂ ನಾನು ಆ ಫೋಟೊವನ್ನು ತುಂಬಾ ಹೊತ್ತು ನೋಡುತ್ತೇನೆ. ನಿಜವಾಗಲೂ ಖುಷಿಯಾಗುತ್ತದೆ. ಆದರೆ ಪ್ರತಿ ಸಲ ಒಂದು ಪ್ರಶ್ನೆಯೂ ಬರುತ್ತದೆ: ರಾತ್ರಿ ಎರಡು ಗಂಟೆಗೆ ಇದರ ಪಕ್ಕ ಯಾರು ನಿಂತಿರುತ್ತಾರೆ? ಸುದ್ದಿಯಲ್ಲಿ ಅದು ಇರುವುದಿಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಪೂರ್ತಿ ಓದಿ.

ನಾನು ಉತ್ತರ ಕರ್ನಾಟಕದ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆಗಿದ್ದೆ. ಕೊನೆಯ 11 ವರ್ಷ ಎಸ್‌ಎನ್‌ಸಿಯುನಲ್ಲೇ, ಅಂದರೆ ನವಜಾತ ಶಿಶುಗಳ ವಿಶೇಷ ಘಟಕದಲ್ಲಿ. ನಿವೃತ್ತಿಯಾಗಿ ಎರಡು ವರ್ಷ ಆಯಿತು. ಈಗಲೂ ಮನೆಯಲ್ಲಿ ಕುಕ್ಕರಿನ ನೀರು ಬುಳುಬುಳು ಅಂದರೆ ಕೈ ತಾನಾಗಿ ನಿಲ್ಲುತ್ತದೆ, ಕಿವಿ ಆ ಕಡೆ ಹೋಗುತ್ತದೆ.

ಆ ಬುಳುಬುಳು ಸಿಪ್ಯಾಪ್‌ನದು, ಅಂದರೆ ಕೂಸಿನ ಉಸಿರಿಗೆ ಬಿಡದೆ ಸ್ವಲ್ಪ ಗಾಳಿಯ ಒತ್ತಡ ಕೊಡುವ ಸಾಧನದ್ದು. ಅದು ಏನು ಅಂತ ಮೊದಲು ಹೇಳುತ್ತೇನೆ. ಘಟಕದ ಬಾಗಿಲಲ್ಲಿ ಕೂತ ಮನೆಯವರಿಗೆ ಇದನ್ನು ನಿಧಾನವಾಗಿ ಹೇಳುವಷ್ಟು ಪುರುಸೊತ್ತು ನಮಗೆ ಯಾವತ್ತೂ ಸಿಗುತ್ತಿರಲಿಲ್ಲ.

ದಿನ ತುಂಬುವ ಮೊದಲೇ ಹುಟ್ಟಿದ ಕೂಸಿನ ಶ್ವಾಸಕೋಶದಲ್ಲಿ ಸರ್ಫ್ಯಾಕ್ಟಂಟ್ ಅನ್ನುವ ಸೋಪಿನಂಥ ಪದಾರ್ಥ ಸಾಕಷ್ಟು ತಯಾರಾಗಿರುವುದಿಲ್ಲ. ಕಿರಾಣಿ ಅಂಗಡಿಯ ತೆಳು ಪ್ಲಾಸ್ಟಿಕ್ ಚೀಲ ಒದ್ದೆಯಾದರೆ ಎರಡೂ ಬದಿ ಅಂಟಿಕೊಂಡು, ಎಷ್ಟು ಉಜ್ಜಿದರೂ ಬಾಯಿ ಬಿಡುವುದಿಲ್ಲ ನೋಡಿ, ಹಾಗೆ ಕೂಸು ಉಸಿರು ಬಿಟ್ಟಾಗಲೆಲ್ಲ ಒಳಗಿನ ಚಿಕ್ಕ ಚಿಕ್ಕ ಗಾಳಿಗೂಡುಗಳು ಅಂಟಿಕೊಳ್ಳುತ್ತವೆ. ಮುಂದಿನ ಉಸಿರಿಗೆ ಮತ್ತೆ ಮೊದಲಿಂದ ಬಿಡಿಸಬೇಕು. ನಿಮಿಷಕ್ಕೆ ಅರವತ್ತು ಎಪ್ಪತ್ತು ಸಲ. ಒಂದೂಕಾಲು ಕೆಜಿ ಕೂಸಿಗೆ ಎಲ್ಲಿಂದ ಬರಬೇಕು ಅಷ್ಟು ಶಕ್ತಿ? ಪಕ್ಕೆ ಒಳಗೆ ಎಳೆದುಕೊಳ್ಳುತ್ತದೆ, ಮೂಗಿನ ಹೊಳ್ಳೆ ಅರಳುತ್ತದೆ, ಕೂಸು ಮುಲುಕುವುದಕ್ಕೆ ಶುರು ಮಾಡುತ್ತದೆ.

ಈ ಮುಲುಕಾಟದ ಬಗ್ಗೆ ತಿಳಿದಾಗ ನನಗೆ ಮೈ ಜುಂ ಅಂದಿತ್ತು. ಕೂಸು ಸುಮ್ನೆ ನರಳುತ್ತಿರುವುದಿಲ್ಲ. ಗಂಟಲನ್ನು ಅರ್ಧ ಮುಚ್ಚಿ, ಉಸಿರನ್ನು ತಡೆದು ತಡೆದು ಬಿಡುತ್ತಿರುತ್ತದೆ, ಒಳಗೆ ಸ್ವಲ್ಪ ಗಾಳಿ ಉಳಿದು ಗೂಡುಗಳು ಪೂರ್ತಿ ಮುಚ್ಚದೇ ಇರಲಿ ಅಂತ. ಯಾರೂ ಹೇಳಿಕೊಡದೆ ಅಷ್ಟು ಸಣ್ಣ ಜೀವ ತನ್ನ ಮಟ್ಟಿಗೆ ದಾರಿ ಹುಡುಕಿಕೊಂಡಿರುತ್ತದೆ. ಆದರೆ ಹಾಗೆ ಎಷ್ಟು ಹೊತ್ತು ಮಾಡಲು ಸಾಧ್ಯ? ಕೆಲವು ಗಂಟೆಯಲ್ಲಿ ಸುಸ್ತಾಗಿ ಬಿಡುತ್ತದೆ.

ಸಿಪ್ಯಾಪ್ ಮಾಡುವುದು ಅದೇ ಕೆಲಸವನ್ನು. ಮೂಗಿನ ಎರಡು ಹೊಳ್ಳೆಗೆ ಮೆತ್ತನೆಯ ಪ್ರಾಂಗ್, ಅಂದರೆ ಪುಟ್ಟ ಕೊಳವೆ. ಒಂದು ಪೈಪಿನಲ್ಲಿ ಬೆಚ್ಚಗಿನ, ತೇವ ಇರುವ ಗಾಳಿ, ಬೇಕಾದಷ್ಟೇ ಆಕ್ಸಿಜನ್ ಬೆರೆಸಿದ್ದು ಬರುತ್ತದೆ. ಇನ್ನೊಂದು ಪೈಪಿನ ತುದಿ ನೀರಿನ ಬಾಟಲಿಯಲ್ಲಿ ಮುಳುಗಿರುತ್ತದೆ. ಎಷ್ಟು ಸೆಂಟಿಮೀಟರ್ ಮುಳುಗಿದೆಯೋ ಅಷ್ಟು ಒತ್ತಡ. ಸಾಮಾನ್ಯವಾಗಿ 5 ಅಥವಾ 6ರಿಂದ ಶುರು ಮಾಡುತ್ತಾರೆ. ಆ ನೀರಿನಲ್ಲಿ ಗುಳ್ಳೆ ಏಳುತ್ತಿದ್ದರೆ ಪೈಪಿನಲ್ಲಿ ಒತ್ತಡ ಇದೆ ಅಂತ. ಗಂಟಲೊಳಗೆ ಟ್ಯೂಬ್ ಇಲ್ಲ, ಕೂಸು ತಾನೇ ಉಸಿರಾಡುತ್ತದೆ, ನಾವು ಬಾಗಿಲು ಮುಚ್ಚಿಹೋಗದ ಹಾಗೆ ಹಿಡಿದುಕೊಂಡಿರುತ್ತೇವೆ ಅಷ್ಟೆ.

ನೋಡುವುದಕ್ಕೆ ಇದು ದೊಡ್ಡ ಯಂತ್ರದ ಹಾಗೆ ಕಾಣುವುದಿಲ್ಲ. ಒಬ್ಬ ಅಪ್ಪ ನನ್ನನ್ನು ಕೇಳಿದ್ದ, "ಸಿಸ್ಟರ್, ಇದು ಬರೇ ನೀರಿನ ಬಾಟ್ಲಿ ಐತಲ್ರಿ, ಖರೇ ಮಷೀನ್ ಎಲ್ಲೈತ್ರಿ?" ಅವನಿಗೆ ವೆಂಟಿಲೇಟರ್ ಬೇಕಿತ್ತು. ಸಾಲ ಮಾಡಿಯಾದರೂ ದೊಡ್ಡ ಊರಿಗೆ ಕರೆದುಕೊಂಡು ಹೋಗುತ್ತೇನೆ ಅಂತ ನಿಂತಿದ್ದ. ಇನ್ನು ಕೆಲವು ಅಜ್ಜಿಯರಿಗೆ ಇದರ ಉಲ್ಟಾ. "ಮೂಗಿಗೆ ಪೈಪ್ ಹಾಕ್ಯಾರಂದ್ರ ಮುಗೀತೇನವ್ವಾ ನಮ್ಮ ಕೂಸಿನ ಕಥಿ?" ಅಂತ ಕಣ್ಣೀರು ಹಾಕುತ್ತಿದ್ದರು. ಏಳರಲ್ಲಿ ಹುಟ್ಟಿದ್ದು ಉಳಿಯುತ್ತದೆ, ಎಂಟರಲ್ಲಿ ಹುಟ್ಟಿದ್ದು ಉಳಿಯುವುದಿಲ್ಲ ಅನ್ನುವ ಮಾತು ಬೇರೆ. ಅದು ಪೂರ್ತಿ ತಪ್ಪು. ಹೊಟ್ಟೆಯಲ್ಲಿ ಕಳೆದ ಒಂದೊಂದು ವಾರವೂ ಶ್ವಾಸಕೋಶಕ್ಕೆ ಲಾಭವೇ.

ಆ ಅಪ್ಪನಂಥವರಿಗೆ ಒಂದು ಮಾತು ಹೇಳಬೇಕು ಅನಿಸುತ್ತದೆ. 1963ರ ಆಗಸ್ಟ್ 7ರಂದು ಅಮೆರಿಕದ ಅಧ್ಯಕ್ಷ ಕೆನಡಿಯವರಿಗೆ ಒಬ್ಬ ಮಗ ಹುಟ್ಟಿದ. ಐದೂವರೆ ವಾರ ಮುಂಚೆ. ತೂಕ ಸುಮಾರು 2.1 ಕೆಜಿ. ನಮ್ಮ ಘಟಕದಲ್ಲಿ ಅಷ್ಟು ತೂಕದ ಕೂಸನ್ನು ನಾವು ದೊಡ್ಡದು ಅಂತಲೇ ಕರೆಯುತ್ತಿದ್ದೆವು. ಅದೇ ಉಸಿರಾಟದ ತೊಂದರೆ. ಬಾಸ್ಟನ್‌ನ ದೊಡ್ಡ ಮಕ್ಕಳ ಆಸ್ಪತ್ರೆಗೆ ಕರೆದೊಯ್ದು, ಆವತ್ತು ಗೊತ್ತಿದ್ದದ್ದನ್ನೆಲ್ಲ ಮಾಡಿದರು. ಕೂಸು 39 ಗಂಟೆ ಬದುಕಿತ್ತು. ಸರ್ಫ್ಯಾಕ್ಟಂಟ್ ಕೊರತೆಯೇ ಇದಕ್ಕೆ ಕಾರಣ ಅಂತ ಮೇರಿ ಎಲೆನ್ ಏವರಿ ಮತ್ತು ಜೆರಿ ಮೀಡ್ 1959ರಲ್ಲೇ ತೋರಿಸಿದ್ದರು, ಆದರೆ ಏನು ಮಾಡಬೇಕು ಅನ್ನುವುದು ಇನ್ನೂ ಗೊತ್ತಿರಲಿಲ್ಲ. 1971ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಜಾರ್ಜ್ ಗ್ರೆಗರಿ ಮತ್ತು ಜೊತೆಯವರು ಇಂಥ 20 ಕೂಸುಗಳಿಗೆ ಬಿಡದೆ ಒತ್ತಡ ಕೊಟ್ಟು ನೋಡಿದರು. 16 ಉಳಿದವು. ಆಗ ಹೆಚ್ಚಿನ ಕೂಸುಗಳಿಗೆ ಗಂಟಲಿನ ಟ್ಯೂಬಿನಿಂದಲೇ ಕೊಟ್ಟಿದ್ದು. 1973ರ ಹೊತ್ತಿಗೆ ಮೂಗಿನ ಪ್ರಾಂಗ್ ಬಂತು. ಅಧ್ಯಕ್ಷರ ಮಗನಿಗೆ ಸಿಗದ ಆ ನೀರಿನ ಬಾಟಲಿ ಇವತ್ತು ನಮ್ಮ ತಾಯಂದಿರ ಕೂಸಿಗೆ ದುಡ್ಡಿಲ್ಲದೆ ಸಿಗುತ್ತಿದೆ. ಜನನಿ ಶಿಶು ಸುರಕ್ಷಾ ಕಾರ್ಯಕ್ರಮ 2011ರಿಂದ ಇದೆ, ಸರ್ಕಾರಿ ಆಸ್ಪತ್ರೆಯಲ್ಲಿ ಹಸುಗೂಸಿನ ಚಿಕಿತ್ಸೆ ಉಚಿತ. ಸುಮ್ನೆ ಬಾಟಲಿ ಅಂತ ಅಂದುಕೊಳ್ಳಬೇಡಿ.

ವೆಂಟಿಲೇಟರ್ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಕೆಲವು ಕೂಸುಗಳಿಗೆ ಬೇಕೇ ಬೇಕು. ಆದರೆ ಎಳೆಯ ಶ್ವಾಸಕೋಶಕ್ಕೆ ಅದರಿಂದ ಏಟೂ ಆಗುತ್ತದೆ, ಸೋಂಕಿನ ಭಯವೂ ಜಾಸ್ತಿ. 2008ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ 25ರಿಂದ 28 ವಾರಕ್ಕೆ ಹುಟ್ಟಿದ, ಅಂದರೆ ಆರು ಆರೂವರೆ ತಿಂಗಳ, 610 ಕೂಸುಗಳನ್ನು ನೋಡಿದ್ದರು. ಸಿಪ್ಯಾಪ್ ಹಾಕಿದವುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕೂಸುಗಳಿಗೆ ಮೊದಲ ಐದು ದಿನ ಗಂಟಲಿಗೆ ಟ್ಯೂಬ್ ಹಾಕುವ ಪ್ರಸಂಗವೇ ಬರಲಿಲ್ಲ. ಆದರೆ ಅದೇ ಅಧ್ಯಯನದಲ್ಲಿ, ಶ್ವಾಸಕೋಶದಿಂದ ಗಾಳಿ ಸೋರಿ ಎದೆಯಲ್ಲಿ ತುಂಬಿಕೊಳ್ಳುವ ತೊಂದರೆ ಸಿಪ್ಯಾಪ್ ಕೂಸುಗಳಲ್ಲಿ ನೂರಕ್ಕೆ 9, ಮೊದಲೇ ಟ್ಯೂಬ್ ಹಾಕಿದ ಕೂಸುಗಳಲ್ಲಿ ನೂರಕ್ಕೆ 3. ಒಳ್ಳೆಯದು ಅಂತ ಹಾಕಿ ಆ ಕಡೆ ಹೋಗಿಬಿಡುವ ವಸ್ತು ಇದಲ್ಲ. ನನ್ನ ಇಡೀ ಪತ್ರ ಇದರ ಬಗ್ಗೆಯೇ.

ಸಿಪ್ಯಾಪ್ ಮೇಲಿರುವ ಒಂದು ಕೂಸಿಗೆ ಗಂಟೆ ಗಂಟೆಗೂ ಏನೇನು ನೋಡಬೇಕು ಗೊತ್ತಾ? ಗುಳ್ಳೆ ಬರುತ್ತಿದೆಯಾ. ನಿಂತಿದ್ದರೆ ಎಲ್ಲಿ ಸೋರುತ್ತಿದೆ, ಪ್ರಾಂಗ್ ಜಾರಿದೆಯಾ, ಕೂಸು ಬಾಯಿ ತೆರೆದಿದೆಯಾ. ಬಾಟಲಿಯ ನೀರು ಏರಿದೆಯಾ, ಯಾಕೆಂದರೆ ತೇವದ ಗಾಳಿ ಪೈಪಿನಲ್ಲಿ ನೀರಾಗಿ ಬಾಟಲಿಗೆ ಇಳಿದರೆ ನಮಗೆ ಗೊತ್ತಿಲ್ಲದೆ ಒತ್ತಡ ಜಾಸ್ತಿಯಾಗುತ್ತದೆ. ಮೂಗಿನಲ್ಲಿ ಸಿಂಬಳ ಕಟ್ಟಿದೆಯಾ. ಹೊಟ್ಟೆ ಉಬ್ಬಿದೆಯಾ, ಗಾಳಿ ಹೊಟ್ಟೆಗೂ ಹೋಗುತ್ತಲ್ಲ, ಅದಕ್ಕೆ ಬಾಯಿಂದ ಹಾಕಿದ ಸಣ್ಣ ನಳಿಕೆಯ ತುದಿ ತೆರೆದಿದೆಯಾ. ಪ್ರಾಂಗ್ ಹಿಡಿದಿಡುವ ಟೋಪಿ ಸಡಿಲಾಗಿದೆಯಾ. ಕುತ್ತಿಗೆ ಮುದುಡಿದೆಯಾ. ರಕ್ತದಲ್ಲಿ ಆಕ್ಸಿಜನ್ ಎಷ್ಟು ತೋರಿಸುತ್ತಿದೆ, ನೂರಕ್ಕೆ 90ರಿಂದ 95ರ ಒಳಗೇ ಇದೆಯಾ. ಇದು ಒಂದು ಕೂಸಿನ ಲೆಕ್ಕ. ಇದರ ಜೊತೆಗೆ ಎರಡು ಮೂರು ಗಂಟೆಗೊಮ್ಮೆ ಹಾಲು, ಔಷಧ, ಸಲೈನ್, ಬಟ್ಟೆ, ಬರೆದಿಡುವುದು, ಹೊಸದಾಗಿ ಬಂದ ಕೂಸು, ಹೊರಗೆ ಬಾಗಿಲು ಬಡಿಯುವ ಮನೆಯವರು.

ಒಂದು ರಾತ್ರಿಯ ವಿಷಯ ಹೇಳುತ್ತೇನೆ. ಯಾರ ಮೇಲೂ ದೂರು ಹೊರಿಸುವುದಕ್ಕೆ ಅಲ್ಲ, ಆಸ್ಪತ್ರೆಯ ಹೆಸರೂ ಬೇಡ. ಆವತ್ತು ಘಟಕದಲ್ಲಿ 14 ಕೂಸುಗಳಿದ್ದವು, ಮೂರು ಸಿಪ್ಯಾಪ್ ಮೇಲೆ. ಡ್ಯೂಟಿಯಲ್ಲಿ ನಾನು, ಮತ್ತು ಬೇರೆ ವಾರ್ಡಿನಿಂದ ಆ ವಾರವೇ ಬಂದ ಒಬ್ಬ ಹುಡುಗಿ. ಒಳ್ಳೆಯ ಹುಡುಗಿ, ಚುರುಕು, ಆದರೆ ಸಿಪ್ಯಾಪ್ ಮುಟ್ಟಿ ಗೊತ್ತಿರಲಿಲ್ಲ. ನಮ್ಮಲ್ಲಿ ತರಬೇತಿ ಆಗಿದ್ದ ಇಬ್ಬರನ್ನು ಹಿಂದಿನ ತಿಂಗಳಷ್ಟೇ ಬೇರೆ ವಾರ್ಡಿಗೆ ಹಾಕಿದ್ದರು. ಮೂರನೇ ಹಾಸಿಗೆಯಲ್ಲಿ 1,150 ಗ್ರಾಂನ ಹೆಣ್ಣು ಕೂಸು, ಐದನೇ ದಿನ, ಚೆನ್ನಾಗಿಯೇ ಇತ್ತು. ಅದರ ಮೂಗಿಗೆ ಸರಿಹೋಗುವ ಸಣ್ಣ ಪ್ರಾಂಗ್ ಮುಗಿದಿತ್ತು. ಇಂಡೆಂಟ್ ಹಾಕಿದ್ದೆವು, ಬಂದಿರಲಿಲ್ಲ. ಇದ್ದಿದ್ದನ್ನೇ ಹಾಕಿದ್ದೆವು, ಒಂದು ಸೈಜ್ ದೊಡ್ಡದು. ಜಾರಬಾರದು ಅಂತ ಆ ಹುಡುಗಿ ಪ್ರಾಂಗ್ ಅನ್ನು ಗಟ್ಟಿಯಾಗಿ ಒತ್ತಿ ಕಟ್ಟಿದಳು. ಪ್ರಾಂಗಿಗೂ ಮೂಗಿನ ನಡುಗೋಡೆಗೂ ಮಧ್ಯೆ ಸ್ವಲ್ಪ ಜಾಗ ಬಿಡಬೇಕು, ಒಂದೆರಡು ಮಿಲಿಮೀಟರ್ ಸಾಕು. ಅವಳಿಗೆ ಯಾರೂ ಹೇಳಿರಲಿಲ್ಲ. ನಾನು ಹೇಳಬೇಕಿತ್ತು. ಹನ್ನೊಂದು ಗಂಟೆಗೆ ಹೆರಿಗೆ ಕೋಣೆಯಿಂದ ಉಸಿರಾಡದ ಕೂಸು ಬಂತು, ನಾನು ಬೆಳಗಿನ ಜಾವದ ತನಕ ಅದರ ಜೊತೆಗೇ ಇದ್ದೆ.

ಬೆಳಿಗ್ಗೆ ಆರಕ್ಕೆ ಮೂರನೇ ಹಾಸಿಗೆಯ ಪ್ರಾಂಗ್ ತೆಗೆದು ನೋಡಿದರೆ ಮೂಗಿನ ಮಧ್ಯದ ಚರ್ಮ ಕಪ್ಪಾಗಿತ್ತು. ಎರಡು ದಿನದಲ್ಲಿ ಅಲ್ಲಿ ಹುಣ್ಣಾಯಿತು. ಕೂಸು ಉಳಿಯಿತು, 1,700 ಗ್ರಾಂ ಆಗಿ ಮನೆಗೂ ಹೋಯಿತು, ಆದರೆ ಮೂಗಿನ ನಡುಗೋಡೆಯ ಒಂದು ಭಾಗ ಹೋಗಿಯೇ ಬಿಟ್ಟಿತ್ತು. ಅದರ ತಾಯಿ ಬೈಯಲಿಲ್ಲ. "ಜೀವ ಉಳಿಸಿದ್ರಲ್ಲ ಅಕ್ಕಾ" ಅಂದಳು. ಬೈದಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತು. ಆ ಗಾಯ ಯಂತ್ರ ಮಾಡಿದ್ದಲ್ಲ, ಆ ಹುಡುಗಿ ಮಾಡಿದ್ದೂ ಅಲ್ಲ. ಹದಿನಾಲ್ಕು ಕೂಸಿಗೆ ಇಬ್ಬರು, ಅದರಲ್ಲಿ ಒಬ್ಬಳಿಗೆ ಕೆಲಸ ಗೊತ್ತಿಲ್ಲ, ಸಣ್ಣ ಪ್ರಾಂಗ್ ಸ್ಟಾಕಿನಲ್ಲಿಲ್ಲ. ಆ ಗಾಯ ಆದದ್ದು ಹೀಗೆ.

ನಿವೃತ್ತಿಯಾದ ಮೇಲೆ ಸಮಯ ಸಿಕ್ಕಿತು, ಮಗಳ ಹತ್ತಿರ ಕೇಳಿ ಕೇಳಿ ಈ ವಿಷಯ ಓದಿದೆ. ಆಫ್ರಿಕಾದ ಮಲಾವಿ ನಮಗಿಂತ ತುಂಬಾ ಬಡ ದೇಶ. ಅಲ್ಲಿನ ಬ್ಲಾಂಟೈರ್‌ನ ಕ್ವೀನ್ ಎಲಿಜಬೆತ್ ಆಸ್ಪತ್ರೆಯಲ್ಲಿ ಕಡಿಮೆ ಖರ್ಚಿನ ಗುಳ್ಳೆ ಸಿಪ್ಯಾಪ್ ತಂದು, ನರ್ಸುಗಳಿಗೆ ಚೆನ್ನಾಗಿ ಕಲಿಸಿ, ಉಸಿರಾಟದ ತೊಂದರೆ ಇದ್ದ ಹಸುಗೂಸುಗಳಿಗೆ ಹಾಕಿದರು. 2014ರಲ್ಲಿ ಬಂದ ಲೆಕ್ಕ: ಬರೀ ಆಕ್ಸಿಜನ್ ಕೊಟ್ಟವುಗಳಲ್ಲಿ ನೂರಕ್ಕೆ 44 ಉಳಿದಿದ್ದವು, ಸಿಪ್ಯಾಪ್ ಕೊಟ್ಟವುಗಳಲ್ಲಿ 71. ಓದಿ ಕಣ್ಣು ತುಂಬಿತು. ಆಮೇಲೆ ಅದೇ ದೇಶದ ಇನ್ನೊಂದು ಅಧ್ಯಯನ ಸಿಕ್ಕಿತು, 2019ರದ್ದು. ಅದು ಹಸುಗೂಸುಗಳದ್ದಲ್ಲ, ಹುಟ್ಟಿ ಒಂದು ತಿಂಗಳು ತುಂಬಿದ ಮೇಲಿಂದ ಐದು ವರ್ಷದೊಳಗಿನ, ಜೋರು ನ್ಯುಮೋನಿಯಾ ಆಗಿ ಜೀವಕ್ಕೆ ಹೆಚ್ಚು ಅಪಾಯ ಇದ್ದ ಮಕ್ಕಳದ್ದು. ಒಂದು ಜಿಲ್ಲಾ ಆಸ್ಪತ್ರೆ, ಡಾಕ್ಟರು ಸದಾ ಪಕ್ಕದಲ್ಲಿ ಇರುವುದಿಲ್ಲ. ಅಲ್ಲಿ ಸಿಪ್ಯಾಪ್ ಹಾಕಿದ ಮಕ್ಕಳಲ್ಲಿ ನೂರಕ್ಕೆ 17 ತೀರಿಕೊಂಡವು, ಬರೀ ಆಕ್ಸಿಜನ್ ಕೊಟ್ಟವುಗಳಲ್ಲಿ 11. ಮಕ್ಕಳ ವಯಸ್ಸು ಬೇರೆ, ಕಾಯಿಲೆ ಬೇರೆ, ಎರಡನ್ನೂ ನೇರವಾಗಿ ಹೋಲಿಸುವ ಹಾಗಿಲ್ಲ, ಅದು ನನಗೂ ಗೊತ್ತು. ಆದರೂ ಆ ಎರಡು ಲೆಕ್ಕ ಅಕ್ಕಪಕ್ಕ ಇಟ್ಟುಕೊಂಡು ಕೂತಾಗ ನನಗೆ ನೆನಪಾದದ್ದು ಆ ಮೂರನೇ ಹಾಸಿಗೆ.

ನಮ್ಮ ದೇಶದಲ್ಲಿ 2020ರಲ್ಲಿ ಸುಮಾರು 30 ಲಕ್ಷ ಕೂಸುಗಳು ದಿನ ತುಂಬುವ ಮೊದಲೇ ಹುಟ್ಟಿವೆ, ಜಗತ್ತಿನಲ್ಲೇ ಜಾಸ್ತಿ. ಮೊದಲ ಎಸ್‌ಎನ್‌ಸಿಯು 2003ರಲ್ಲಿ ಪಶ್ಚಿಮ ಬಂಗಾಳದ ಪುರುಲಿಯಾದಲ್ಲಿ ಶುರುವಾದದ್ದು, ಈಗ ದೇಶದ ಜಿಲ್ಲೆ ಜಿಲ್ಲೆಗೂ ಬಂದಿವೆ. ಇಷ್ಟು ದೂರ ಬಂದಿದ್ದೇವೆ ಅನ್ನುವುದು ಸಣ್ಣ ಮಾತಲ್ಲ. ಹಾಗಿರುವಾಗ ಕಲಿತ ಕೈಗಳನ್ನು ಎತ್ತಿ ಬೇರೆ ವಾರ್ಡಿಗೆ ಹಾಕುವುದು ಯಾಕೆ? ಸಿಪ್ಯಾಪ್ ನೋಡಿಕೊಳ್ಳುವುದು ಒಂದು ವಾರದ ತರಬೇತಿಯಲ್ಲಿ ಬರುವ ಕೆಲಸ ಅಲ್ಲ. ನನಗೆ ಧೈರ್ಯ ಬರುವುದಕ್ಕೆ ಆರು ತಿಂಗಳು ಬೇಕಾಯಿತು. ಬಾಗಿಲಲ್ಲಿ ನಿಂತು ಶಬ್ದ ಕೇಳಿಯೇ ಯಾವ ಹಾಸಿಗೆಯಲ್ಲಿ ಗುಳ್ಳೆ ನಿಂತಿದೆ ಅಂತ ಹೇಳುವುದಕ್ಕೆ ಎರಡು ವರ್ಷ. ಅಂಥವಳನ್ನು ತೆಗೆದು ಹೊರರೋಗಿ ವಿಭಾಗದಲ್ಲಿ ಚೀಟಿ ಬರೆಯುವುದಕ್ಕೆ ಕೂರಿಸಿದರೆ ಆ ವಿಭಾಗಕ್ಕೂ ಲಾಭ ಇಲ್ಲ, ಕೂಸುಗಳಿಗಂತೂ ನಷ್ಟ. ಕನಿಷ್ಠ ಮೂರು ವರ್ಷ ಅಲ್ಲಿಂದ ಅಲುಗಾಡಿಸಬೇಡಿ ಅನ್ನುವುದೇ ನನ್ನ ಬೇಡಿಕೆ. ಗುತ್ತಿಗೆಯ ಮೇಲಿರುವ ಹುಡುಗಿಯರಾದರೆ ಅಲ್ಲಿಂದ ಓಡಿಹೋಗದಷ್ಟು ಸಂಬಳ ಕೊಡಿ.

ರೆಫರ್ ಆಗುವ ದಾರಿಯ ಬಗ್ಗೆಯೂ ಹೇಳಬೇಕು. ತಾಲೂಕಿನಿಂದ ಜಿಲ್ಲೆಗೆ ಒಂದು ಗಂಟೆ, ಜಿಲ್ಲೆಯಿಂದ ಹುಬ್ಬಳ್ಳಿಗೋ ಬೆಂಗಳೂರಿಗೋ ಇನ್ನೂ ಎಷ್ಟೋ ಗಂಟೆ. ಸಿಪ್ಯಾಪ್ ಮೇಲೆ ಸಮಾಧಾನವಾಗಿದ್ದ ಕೂಸನ್ನು ಪ್ರಾಂಗ್ ತೆಗೆದು, ಮೂಗಿನ ಹತ್ತಿರ ಆಕ್ಸಿಜನ್ ಪೈಪ್ ಹಿಡಿದು, ಅಜ್ಜಿಯ ಮಡಿಲಲ್ಲಿ ಸೀರೆಯಲ್ಲಿ ಸುತ್ತಿ ಕಳಿಸಿದ್ದನ್ನು ನಾನು ನೋಡಿದ್ದೇನೆ. ತಲುಪುವ ಹೊತ್ತಿಗೆ ಕೂಸು ತಣ್ಣಗೆ, ನೀಲಿ. ದಾರಿಯಲ್ಲಿ ಬಳಸುವುದಕ್ಕೆ ಆಗುವಂಥ ಸಣ್ಣ ಸಿಪ್ಯಾಪ್ ಈಗ ಇವೆ. ಬೆಂಗಳೂರಿನಲ್ಲೇ ತಯಾರಾದ 'ಸಾನ್ಸ್' ಕರೆಂಟ್ ಇಲ್ಲದಿದ್ದರೂ ನಡೆಯುತ್ತದೆ. ಜಿಲ್ಲೆಗೆ ಎರಡು ಆಂಬ್ಯುಲೆನ್ಸ್‌ನಲ್ಲಾದರೂ ಇಂಥದ್ದು, ಜೊತೆಗೆ ಅದನ್ನು ನಡೆಸಲು ಗೊತ್ತಿರುವ ಒಬ್ಬರು ಇದ್ದರೆ ಎಷ್ಟೋ ಕೂಸು ದಾರಿಯಲ್ಲಿ ಹೋಗುವುದು ತಪ್ಪುತ್ತದೆ.

ತಾಯಂದಿರಿಗೆ, ಅವರ ಅತ್ತೆ ಅಮ್ಮಂದಿರಿಗೆ ಎರಡು ಮಾತು. 34 ವಾರಕ್ಕಿಂತ ಮೊದಲೇ ನೋವು ಬಂದರೆ ಮನೆಯಲ್ಲಿ ಕಷಾಯ ಕುಡಿಸಿ ಕಾಯಬೇಡಿ, ತಾಯಿ ಕಾರ್ಡ್ ತೆಗೆದುಕೊಂಡು ತಕ್ಷಣ ಹೋಗಿ. ಡೆಕ್ಸಾಮೆಥಸೋನ್ ಅನ್ನುವ ಇಂಜೆಕ್ಷನ್ ಇದೆ, 12 ಗಂಟೆಗೊಂದರಂತೆ ನಾಲ್ಕು, ತಾಯಿಗೆ ಕೊಟ್ಟರೆ ಹೊಟ್ಟೆಯಲ್ಲಿರುವ ಕೂಸಿನ ಶ್ವಾಸಕೋಶ ಬೇಗ ಬಲಿಯುತ್ತದೆ. ಅದು ಸಿಕ್ಕ ಕೂಸಿಗೆ ಸಿಪ್ಯಾಪ್ ಸಾಕಾಗುವ ಸಾಧ್ಯತೆ ಜಾಸ್ತಿ. ದೊಡ್ಡ ಆಸ್ಪತ್ರೆಗೆ ಕಳಿಸುವ ಮೊದಲೇ ಮೊದಲ ಡೋಸ್ ಕೊಡುವುದಕ್ಕೆ ಹಳ್ಳಿಯ ಎಎನ್‌ಎಂ ಸಿಸ್ಟರ್‌ಗೂ ಅನುಮತಿ ಇದೆ. ಕೇಳಿ, ಸಂಕೋಚ ಬೇಡ.

ಮತ್ತೆ ಪೈಪ್ ಹಾಕಿದ್ದಾರೆ ಅಂತ ಕೂಸನ್ನು ಮುಟ್ಟುವುದಕ್ಕೆ ಹೆದರಬೇಡಿ. ಸಿಪ್ಯಾಪ್ ಮೇಲಿದ್ದರೂ ಹಾಲು ಕೊಡಬಹುದು, ನಳಿಕೆಯಿಂದ. ಸ್ಥಿತಿ ನೋಡಿಕೊಂಡು ಎದೆಗೆ ಚರ್ಮಕ್ಕೆ ಚರ್ಮ ತಾಗಿಸಿ ಮಲಗಿಸಿಕೊಳ್ಳಲೂಬಹುದು. ಭಾರತವೂ ಸೇರಿ ಐದು ದೇಶದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಡೆಸಿದ ಅಧ್ಯಯನ 2021ರಲ್ಲಿ ಬಂತು. ಹುಟ್ಟಿದ ಕೂಡಲೇ ತಾಯಿಯ ಎದೆಗೆ ಹಾಕಿದ ಸಣ್ಣ ಕೂಸುಗಳಲ್ಲಿ ಸಾವು ನೂರಕ್ಕೆ 25ರಷ್ಟು ಕಡಿಮೆಯಾಗಿತ್ತು. ನಮ್ಮ ಘಟಕದಲ್ಲಿ ಮೊದಮೊದಲು ತಾಯಂದಿರನ್ನು ಬಾಗಿಲಾಚೆ ನಿಲ್ಲಿಸುತ್ತಿದ್ದೆವು, ಸೋಂಕಿನ ಭಯಕ್ಕೆ. ಆಮೇಲೆ ಒಳಗೆ ಬಿಟ್ಟೆವು. ಬಿಟ್ಟ ಮೇಲೆ ಗೊತ್ತಾಯಿತು, ಗುಳ್ಳೆ ನಿಂತಿದ್ದನ್ನು ನಮಗಿಂತ ಮೊದಲು ಅವರೇ ನೋಡುತ್ತಿದ್ದರು. "ಅಕ್ಕಾ, ನಮ್ಮದು ಸುಮ್ನ ಆತು" ಅಂತ ಕೂಗುತ್ತಿದ್ದರು. ನರ್ಸಿನ ಬದಲಿಗೆ ತಾಯಿ ಅಂತ ನಾನು ಹೇಳುತ್ತಿಲ್ಲ, ಆದರೆ ಆ ಕಣ್ಣನ್ನು ಹೊರಗೆ ಕೂರಿಸಿ ನಾವು ಎಷ್ಟು ವರ್ಷ ಕಳೆದೆವು ಅಂತ ಬೇಜಾರಾಗುತ್ತದೆ.

ಇನ್ನೊಂದು. ಆಕ್ಸಿಜನ್ ಪಡೆದು ಮನೆಗೆ ಬಂದ ಸಣ್ಣ ಕೂಸಿನ ಕಣ್ಣನ್ನು ಹುಟ್ಟಿದ 30 ದಿನದೊಳಗೆ ತೋರಿಸಲೇಬೇಕು. ತುಂಬಾ ಸಣ್ಣದಾಗಿದ್ದರೆ ಅದಕ್ಕೂ ಮೊದಲೇ. ಆಕ್ಸಿಜನ್ ಜಾಸ್ತಿಯಾದರೆ ಕಣ್ಣಿನ ಹಿಂದಿನ ಪರದೆ ಹಾಳಾಗಬಹುದು. ಗಾಳಿ ಮತ್ತು ಆಕ್ಸಿಜನ್ ಅಳತೆಯಲ್ಲಿ ಬೆರೆಸುವ ಬ್ಲೆಂಡರ್ ಇಲ್ಲದ ಸಿಪ್ಯಾಪ್ ಬೇಡ ಅನ್ನುವುದು ಇದಕ್ಕೇ. ನಾರಾಯಣ ನೇತ್ರಾಲಯದ 'ಕಿಡ್ರಾಪ್' ತಂಡ 2008ರಿಂದ ಕ್ಯಾಮೆರಾ ಹಿಡಿದು ನಮ್ಮ ರಾಜ್ಯದ ಜಿಲ್ಲೆಗಳಿಗೆ ಬಂದು ಈ ತಪಾಸಣೆ ಮಾಡುತ್ತಿದೆ. ಕೂಸು ಚೆನ್ನಾಗಿ ಹಾಲು ಕುಡಿಯುತ್ತಿದೆ, ಯಾಕೆ ಹೋಗಬೇಕು ಅಂತ ಆ ದಿನ ತಪ್ಪಿಸಿಕೊಂಡರೆ ಆಮೇಲೆ ಏನು ಮಾಡಿದರೂ ತಡ.

ಸಂಪಾದಕರೇ, ನಿಮ್ಮ ಹತ್ತಿರ ನನ್ನದೊಂದು ಕೋರಿಕೆ. ಮುಂದಿನ ಸಲ ಹಸುಗೂಸುಗಳ ಘಟಕಕ್ಕೆ ಯಂತ್ರ ಬಂದ ಸುದ್ದಿ ಹಾಕುವಾಗ ವರದಿಗಾರರಿಗೆ ಇಷ್ಟು ಕೇಳಿ ಬರಲು ಹೇಳಿ: ರಾತ್ರಿ ಪಾಳಿಯಲ್ಲಿ ಎಷ್ಟು ಕೂಸಿಗೆ ಎಷ್ಟು ಸಿಸ್ಟರ್ ಇದ್ದಾರೆ, ಅವರಲ್ಲಿ ಸಿಪ್ಯಾಪ್ ಕಲಿತವರು ಎಷ್ಟು, ಒಂದು ಕೆಜಿ ಕೂಸಿನ ಮೂಗಿಗೆ ಹಿಡಿಯುವ ಪ್ರಾಂಗ್ ಮತ್ತು ಟೋಪಿ ಸ್ಟಾಕಿನಲ್ಲಿ ಇದೆಯಾ. ಫೋಟೊದ ಕೆಳಗೆ ಅದನ್ನೂ ಅಚ್ಚು ಹಾಕಿ.

ಇಂತಿ,
ಒಬ್ಬ ನಿವೃತ್ತ ಸ್ಟಾಫ್ ನರ್ಸ್
ಉತ್ತರ ಕರ್ನಾಟಕ